ನೀರುಗಂಟಿಯ ಗಡಿಯಾರ, ನಾನು ಅಳಿಸಿದ ಅಕ್ಷರ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಮೂರು ತಿಂಗಳು ಯೋಚಿಸಿದೆ. ನಡೆದವರು ಚಿಕ್ಕಬೋರಯ್ಯ, ಸರಿಯಾದ ಹೊತ್ತಿಗೆ ಮಾತಾಡಿದವರು ಅವರ ಹೆಂಡತಿ ದೇವಿರಮ್ಮ, ತಪ್ಪು ಮಾಡಿದವಳು ಮಾತ್ರ ನಾನು. ತಪ್ಪು ಮಾಡಿದವಳೇ ಕತೆ ಹೇಳಹೊರಟರೆ ತನ್ನ ತಪ್ಪನ್ನು ಸಣ್ಣದು ಮಾಡಿ ಹೇಳುತ್ತಾಳೆ ಎಂದು ಓದುವವರು ಅನುಮಾನಪಟ್ಟರೆ ಅದು ನ್ಯಾಯವೇ. ಆದರೂ ಹೇಳುತ್ತಿದ್ದೇನೆ, ಕ್ಷಮಿಸಿ. ನಾನು ಹೇಳದೆ ಹೋದರೆ ಊರಿನಲ್ಲಿ ಓಡಾಡುತ್ತಿರುವ ಇನ್ನೊಂದು ಕತೆಯೇ ಉಳಿಯುತ್ತದೆ. ಅದರಲ್ಲಿ ಚಿಕ್ಕಬೋರಯ್ಯ ಕಳ್ಳ.

ನನ್ನ ಹೆಸರು ನಯನ. ಮಂಡ್ಯ ಜಿಲ್ಲೆಯ ಕೊತ್ತತ್ತಿಯಿಂದ ಮೂರು ಕಿಲೋಮೀಟರ್ ದೂರದ ನಮ್ಮ ಕೊಪ್ಪಲಿನಲ್ಲಿ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಹಗಲು ಮಂಡ್ಯದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾ, ಸಂಜೆ ಕಾಲೇಜಿನಲ್ಲಿ ಓದಿ ಪದವಿ ತೆಗೆದುಕೊಂಡವಳು. ಸಂಜೆ ಕಾಲೇಜಿನವರಿಗೆ ಒಂದು ಕಾಯಿಲೆ ಇದೆ. ಗೊತ್ತಿರುವುದನ್ನೂ ಎರಡು ಸಲ ನೋಡಿಕೊಂಡೇ ಹೇಳುವುದು, ಹೇಳಿದ ಮೇಲೆ ಮನೆಗೆ ಹೋಗಿ ಮೂರನೇ ಸಲ ನೋಡುವುದು. ಈ ಕತೆಯಲ್ಲಿ ನಾನು ಎರಡನೇ ಸಲ ನೋಡಲಿಲ್ಲ.

ಲೈಬ್ರರಿಯ ಕಂಪ್ಯೂಟರು ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟದ್ದು. ಬಂದಾಗ ಗಂಟೆಗೊಂದು ಸಲ ನಿಂತುಹೋಗುತ್ತಿತ್ತು. ಸಂಜೆ ಕಾಲೇಜಿನ ನಮ್ಮ ಮಹದೇವಯ್ಯ ಮೇಷ್ಟ್ರು ಒಂದು ಭಾನುವಾರ ಬಸ್ಸಿನಲ್ಲಿ ಬಂದು, ಒಳಗಿದ್ದುದನ್ನೆಲ್ಲ ಒರೆಸಿ, ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಟ್ಟರು. 'ಇದಕ್ಕೆ ಯಜಮಾನ ಇಲ್ಲ ಕಣಮ್ಮ. ಕೆಟ್ಟರೆ ಬೈಯೋಕೆ ಯಾರೂ ಸಿಗಲ್ಲ, ನೀನೇ ಕಲೀಬೇಕು' ಎಂದಿದ್ದರು. ಅವತ್ತಿನಿಂದ ಅದು ನಿಂತಿಲ್ಲ.

ಚಿಕ್ಕಬೋರಯ್ಯ ನಮ್ಮೂರಿನ ನೀರುಗಂಟಿ. ನಾಲೆಯ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆದು, ಒಂದೊಂದು ತೂಬಿನ ಹಲಗೆಯನ್ನೂ ನೋಡಿ, ಯಾರ ಸರದಿಯೋ ಅವರ ಗದ್ದೆಗೆ ನೀರು ಬಿಡುವ ಕೆಲಸ. ಅವರ ಅಪ್ಪನೂ ಅದೇ ಮಾಡುತ್ತಿದ್ದರು. ಈಗ ಆ ಕೆಲಸಕ್ಕೆ ಜನ ನೇಮಿಸುವುದು ನಮ್ಮೂರ ನೀರು ಬಳಕೆದಾರರ ಸಂಘ. ಅಧ್ಯಕ್ಷರು ಶಿವರಾಜಣ್ಣ, ಕಾರ್ಯದರ್ಶಿ ನಾಗರಾಜು.

ಹೋದ ವರ್ಷ ಆಗಸ್ಟ್ ಹದಿನೆಂಟು ಕಳೆದು ಹತ್ತೊಂಬತ್ತು ಹುಟ್ಟಿದ ರಾತ್ರಿ, ಸರದಿ ಇಲ್ಲದಿದ್ದರೂ ಒಂಬತ್ತನೇ ತೂಬಿನ ಹಲಗೆಯನ್ನು ಯಾರೋ ಎತ್ತಿದರು. ಒಂಬತ್ತರ ಕೆಳಗಿನ ಗದ್ದೆಗಳೆಲ್ಲ ತುಂಬಿದವು. ನಾಲೆಯ ಕೊನೆಯಲ್ಲಿ ನಾಟಿಗೆಂದು ಕೆಸರು ಮಾಡಿಟ್ಟಿದ್ದವರ ಗದ್ದೆಗಳು ಒಣಗಿ ಬಿರಿದವು. ಪಂಪ್‌ಸೆಟ್ ಮನೆಯಲ್ಲಿ ಮಲಗಿದ್ದ ಒಬ್ಬರು, ಒಂದು ಗಂಟೆ ಸುಮಾರಿಗೆ ನೀರು ನುಗ್ಗಿದ ಸದ್ದು ಕೇಳಿತು ಎಂದರು. ಕೊನೆಯ ಗದ್ದೆಯವರು ಸಂಘದ ಮುಂದೆ ಕೂಗಾಡಿದರು. ನಾಗರಾಜು ಸುಲಭದ ಉತ್ತರ ಹುಡುಕಿಕೊಂಡರು. ನೀರುಗಂಟಿ ಏರಿಯ ಮೇಲೆ ನಡೆಯುವುದೇ ಇಲ್ಲ, ಟೀ ಅಂಗಡಿಯಲ್ಲಿ ಕೂತಿರುತ್ತಾನೆ, ಅದಕ್ಕೇ ಕಂಡವರು ಹಲಗೆ ಎತ್ತುತ್ತಾರೆ. ಭಾನುವಾರದ ಸಭೆಯಲ್ಲಿ ದಿನಾ ನಡೆಯುತ್ತೇನೆಂದು ರುಜುವಾತು ಕೊಡಬೇಕು, ಇಲ್ಲದಿದ್ದರೆ ಬೇರೆಯವರನ್ನು ನೇಮಿಸುತ್ತೇವೆ ಎಂದು ನೋಟೀಸು ಕೊಟ್ಟರು. ಆ ಬೇರೆಯವರು ಎಂದರೆ ನಾಗರಾಜು ಅವರ ಭಾವಮೈದುನ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗುರುವಾರ ಚಿಕ್ಕಬೋರಯ್ಯ ಲೈಬ್ರರಿಗೆ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈಯಲ್ಲಿದ್ದ ಕಪ್ಪು ಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಅವರ ಮಗಳು ಸುನಿತಾ ಮಳವಳ್ಳಿಯಲ್ಲಿ ಪೊಲೀಸ್ ಕಾನ್ಸ್‌ಟೇಬಲ್. ಓಟದ ಪರೀಕ್ಷೆಗೆ ತಯಾರಾಗುವಾಗ ಕಟ್ಟಿಕೊಳ್ಳುತ್ತಿದ್ದ ಗಡಿಯಾರ ಅದು. ಹೊಸದು ಬಂದ ಮೇಲೆ ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದಳು.

"ಅವ್ವಾ, ಮನೆ ಬುಡೋವಾಗ ಈ ಗುಂಡಿ ಒತ್ತು, ವಾಪಸ್ ಬಂದಾಗ ಇನ್ನೊಂದ್ ಸಲ ಒತ್ತು ಅಂದಿದ್ಲು ಮಗ್ಳು. ಒತ್ತಿದ್ದೀನಿ. ನಾನು ನಡ್ದಿದ್ದೆಲ್ಲಾ ಇದ್ರೊಳ್ಗೆ ಕೂತದೆ ಅಂತಾಳೆ. ಈಚ್ಗೆ ತಗೀಬೋದಾ?"

"ಸುನಿತಾ ಫೋನಲ್ಲೇ ತೆಗೀಬಹುದಲ್ಲ ಬೋರಣ್ಣ?"

"ಅಳೇ ವಾಚು ಈಗ ಫೋನ್‌ಗೆ ಸೇರಕ್ಕಿಲ್ವಂತೆ. ಕಂಪ್ಯೂಟ್ರೇ ಬೇಕಂತೆ."

ನಾನು ಗಡಿಯಾರದ ಕಂಪನಿಯ ಜಾಲತಾಣ ತೆರೆದೆ. ಎರಡು ಬಗೆಯ ಕಂಪ್ಯೂಟರಿಗೆ ಮಾತ್ರ ಅವರ ತಂತ್ರಾಂಶ ಸಿಗುತ್ತದೆ. ನಮ್ಮದು ಎರಡೂ ಅಲ್ಲ. ಕೆಂಪು ಅಕ್ಷರದಲ್ಲಿ ಬಂದ ಇಂಗ್ಲಿಷ್ ಸಾಲನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. "ಈ ವ್ಯವಸ್ಥೆಗೆ ಬೆಂಬಲವಿಲ್ಲ."

"ಅಂಗಂದ್ರೆ?"

"ನಮ್ಮ ಕಂಪ್ಯೂಟರಿನ ಪರವಾಗಿ ಅವರು ನಿಲ್ಲೋದಿಲ್ಲ ಅಂತ."

ಚಿಕ್ಕಬೋರಯ್ಯ ಕಂಪ್ಯೂಟರಿನ ಕಡೆ ತಿರುಗಿ ನೋಡಿ ನಕ್ಕುಬಿಟ್ಟರು. "ಸಂಗದಲ್ಲಿ ನಂಗೂ ಬೆಂಬ್ಲ ಇಲ್ಲ, ಇದ್ಕೂ ಇಲ್ಲ. ಬುಡವ್ವ, ಇಬ್ರೂ ಒಂದೇ ಬೀದಿಯೋರು. ನೋಡು ನೀನು."

ನಗಬೇಕೋ ಬೇಡವೋ ತಿಳಿಯದೆ ನಾನು ಅವರು ತಂದಿದ್ದ ಚೀಲದಲ್ಲಿ ಗಡಿಯಾರದ ಕೇಬಲ್ಲು ಹುಡುಕಿದೆ. ಗಡಿಯಾರದ ಬೆನ್ನಿನಲ್ಲಿ ನಾಲ್ಕು ಹಿತ್ತಾಳೆ ಚುಕ್ಕಿಗಳಿದ್ದವು, ಅವುಗಳಿಗೆ ಕೇಬಲ್ಲಿನ ಕಚ್ಚು ಕೂರಬೇಕು. ನಾಲೆಯ ಕೆಸರು ಒಣಗಿ ಚುಕ್ಕಿಗಳೇ ಕಾಣುತ್ತಿರಲಿಲ್ಲ. ಮಕ್ಕಳ ರಬ್ಬರಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿದೆ. ಸಿಕ್ಕಿಸಿದಾಗ ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ತೆರೆಯ ಎಡಬದಿಯಲ್ಲಿ, ಪೆನ್‌ಡ್ರೈವ್ ಹಾಕಿದಾಗ ಬರುವಂಥದೇ ಒಂದು ಚಿತ್ರ ಬಂತು. ಕಂಪನಿಯವರು ಬೆಂಬಲವಿಲ್ಲ ಎಂದಿದ್ದರು. ಗಡಿಯಾರ ಹಾಗೇನೂ ಅನ್ನಲಿಲ್ಲ.

ಒಳಗೆ ಇಪ್ಪತ್ತಾರು ಕಡತಗಳು, ದಿನಕ್ಕೊಂದು. ಅವು ಯಂತ್ರದ ಭಾಷೆಯಲ್ಲಿದ್ದವು. ಮೇಷ್ಟ್ರಿಗೆ ಫೋನು ಮಾಡಿದೆ. ಅದನ್ನು ಸಾಲು ಸಾಲಾಗಿ ಬಿಡಿಸಿಕೊಡುವ ಒಂದು ಸಣ್ಣ ಉಚಿತ ತಂತ್ರಾಂಶದ ಹೆಸರು ಹೇಳಿದರು. ಮರುದಿನ ಸಂಜೆಯ ಹೊತ್ತಿಗೆ ನಕ್ಷೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಚಿಕ್ಕಬೋರಯ್ಯನ ಮನೆಯಿಂದ ಹೊರಟು, ಡೇರಿಯ ಹತ್ತಿರ ಒಂದು ಗಂಟು ಹಾಕಿ, ಏರಿಗೆ ಏರಿ, ಒಂದನೇ ತೂಬು, ಎರಡನೇ ತೂಬು ಎಂದು ಹದಿನಾಲ್ಕರವರೆಗೂ ಹೋಗಿ ಹಿಂದಿರುಗಿತ್ತು. ಹನ್ನೊಂದು ಕಿಲೋಮೀಟರ್. ಇಪ್ಪತ್ತಾರು ದಿನ ಇಪ್ಪತ್ತಾರು ಗೆರೆ, ಒಂದರ ಮೇಲೊಂದು ಬಿದ್ದು ಹಗ್ಗದಷ್ಟು ದಪ್ಪವಾಗಿತ್ತು.

ಅವರು ತೆರೆಯ ಹತ್ತಿರ ಬಗ್ಗಿ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಗೆರೆಯುದ್ದಕ್ಕೂ ಎಳೆದರು. "ಇಲ್ಲಿ ಸೊಟ್ಟ ಓಗದೆ ನೋಡು. ಅಲ್ಲಿ ಏರಿ ಕುಸ್ದದೆ, ಕೆಳಗಿಳ್ದು ಅತ್ತೀನಿ. ಅದ್ನೂ ಬರ್ಕೊಂಡದಲ್ಲವ್ವ ಇದು!"

ಆಗಲೇ ನಾಗರಾಜು ಬಾಗಿಲಲ್ಲಿ ನಿಂತಿದ್ದರು. ಯಾರು ಹೇಳಿದರೋ ಗೊತ್ತಿಲ್ಲ.

"ಏನಮ್ಮ ಲೈಬ್ರರಿ, ಗಡಿಯಾರ ಬಿಚ್ಚಾಕಿ ರಿಪೇರಿ ಮಾಡ್ತಿದ್ದೀಯಾ?"

"ಇಲ್ಲ ಸಾರ್, ರುಜುವಾತು ತೆಗೀತಿದ್ದೀನಿ."

"ಈ ಡಬ್ಬಾದಲ್ಲಾ? ಕಂಪನಿಯೋರೇ ಒಪ್ದೇ ಇರೋ ಕಂಪ್ಯೂಟ್ರಲ್ಲಿ ತಗ್ದಿದ್ದು ಯಾವ ಲೆಕ್ಕಕ್ಕೆ? ಬೋರಯ್ಯ, ಆ ವಾಚ್ ಇಲ್ಲಿ ಕೊಡು. ಮದ್ದೂರಲ್ಲಿ ನಮ್ಮ ಅಳಿಯನ ತಾವ ಒಳ್ಳೆ ಲ್ಯಾಪ್‌ಟಾಪ್ ಅದೆ. ಕಂಪನಿ ಗುರ್ತು ಬಿದ್ದಿರೋ ಪ್ರಿಂಟೇ ತೆಗಿಸ್ಕೊಡ್ತೀನಿ, ನಿಂಗೇ ಒಳ್ಳೇದು."

ನನಗೆ ಒಂದು ಕ್ಷಣ ಅದೇ ಸರಿ ಎನಿಸಿತು. ಕಂಪನಿಯ ತಂತ್ರಾಂಶದಲ್ಲಿ ತೆಗೆದರೆ ತಪ್ಪಾಗುವ ಭಯವಿಲ್ಲವಲ್ಲ ಎಂದುಕೊಂಡೆ. ಚಿಕ್ಕಬೋರಯ್ಯ ಮಾತ್ರ ಗಡಿಯಾರವನ್ನು ಕೇಬಲ್ಲಿನಿಂದ ಕಿತ್ತು, ಕೈಗೆ ಕಟ್ಟಿಕೊಂಡು, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು.

"ಯಾಕ್ ಸ್ವಾಮಿ ಮದ್ದೂರ್‌ಗಂಟ? ನಡ್ದಿದ್ದು ಈ ಊರ ಏರಿ ಮ್ಯಾಲೆ. ಈ ಊರಲ್ಲೇ ಏಳ್ಳಿ ಅದು. ಕೊಡಕ್ಕಿಲ್ಲ."

"ಕೊಡಕ್ಕಿಲ್ಲ ಅಂದ್ರೆ?"

"ಕೊಡಕ್ಕಿಲ್ಲ ಅಂದ್ರೆ ಕೊಡಕ್ಕಿಲ್ಲ. ಇದ್ರಲ್ಲಿ ಅರ್ತ ಆಗ್ದೇ ಇರೋದೇನದೆ?"

ನಾಗರಾಜು ನನ್ನನ್ನೇ ನೋಡುತ್ತ ನಿಂತರು. ನಾನು ಕೇಬಲ್ಲು ಸುತ್ತತೊಡಗಿದೆ. ಅವರು ಹೋದ ಮೇಲೆ ಚಿಕ್ಕಬೋರಯ್ಯ, "ಎದ್ರುಕೋಬೇಡ ಕಣವ್ವ" ಎಂದರು. ಕೆಲಸ ಹೋಗುವುದು ಅವರದು, ಸಮಾಧಾನ ಹೇಳಿಸಿಕೊಂಡವಳು ನಾನು.

ಆ ನಾಚಿಕೆಗೆ ಶನಿವಾರ ಇಡೀ ದಿನ ಕೂತು ಪುಟಗಳನ್ನು ಅಚ್ಚುಕಟ್ಟು ಮಾಡಿದೆ. ಒಂದು ಕಡೆ ನಕ್ಷೆ, ಇನ್ನೊಂದು ಕಡೆ ತೂಬಿನ ಸಂಖ್ಯೆ, ಅಲ್ಲಿಗೆ ತಲುಪಿದ ಹೊತ್ತು, ನಿಂತ ನಿಮಿಷ. ಹೊತ್ತಿನ ಕಾಲಮಿನಲ್ಲಿ 00:10 ಎಂದು ಶುರುವಾಗಿ 00:36, 01:10 ಎಂದು ಮುಂದುವರಿದಿತ್ತು. ಹೊರಟು ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಇರಬೇಕು ಎಂದುಕೊಂಡೆ. ಸೊನ್ನೆ ಗಂಟೆ ಹತ್ತು ನಿಮಿಷ, ಒಂದು ಗಂಟೆ ಹತ್ತು ನಿಮಿಷ, ಹೀಗೆ. ಪ್ರತಿ ಸಂಖ್ಯೆಯ ಬಾಲಕ್ಕೂ ಒಂದು ಇಂಗ್ಲಿಷಿನ ಜೆಡ್ ಅಕ್ಷರ ಅಂಟಿಕೊಂಡಿತ್ತು. ನೋಡಲು ಅಂದವಾಗಿರಲಿಲ್ಲ. ಸಭೆಯವರು ಇದೇನೆಂದು ಕೇಳಿದರೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಎಲ್ಲ ಜೆಡ್ಡುಗಳನ್ನೂ ಒಂದೇ ಏಟಿಗೆ ಅಳಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸಂಘದ ಕೋಣೆ ಇರುವುದು ಹೊಂಬಾಳಮ್ಮ ಮುಂತಾದ ಹೆಣ್ಣುಮಕ್ಕಳು ನಡೆಸುವ ಹಾಲಿನ ಡೇರಿಯ ಮಹಡಿಯ ಮೇಲೆ. ಮೂವತ್ತು ಜನ ಸೇರಿದ್ದರು. ನನ್ನ ಅಪ್ಪ ಮಾದಯ್ಯನವರೂ ಬಂದು ಕಿಟಕಿಯ ಪಕ್ಕ ಕೂತಿದ್ದರು. ನಮ್ಮದೂ ಹದಿನೆಂಟು ಗುಂಟೆ ಗದ್ದೆ ಇದೆ. ದೇವಿರಮ್ಮ ಒಳಗೆ ಬರದೆ ಮೆಟ್ಟಿಲ ಮೇಲೆ ನಿಂತಿದ್ದರು. ನಾನು ಪುಟಗಳನ್ನು ಹಂಚಿದೆ. ಜನ ನಕ್ಷೆಯಲ್ಲಿ ತಮ್ಮ ತಮ್ಮ ಗದ್ದೆ ಹುಡುಕತೊಡಗಿದರು. "ಲೇ, ಇದು ನಮ್ಮ ತೆಂಗಿನ ಮರ ಕಣ್ಲಾ!" ಎಂದು ಯಾರೋ ಅಂದರು, ನಗು ಹರಡಿತು. ಶಿವರಾಜಣ್ಣ ಕನ್ನಡಕ ಏರಿಸಿ, "ಪರವಾಗಿಲ್ಲ ಕಣಮ್ಮ, ನಡ್ದವ್ನೆ ಬುಡು" ಎಂದರು. ನನ್ನ ಎದೆ ಹಗುರಾಯಿತು. ಆ ಹಗುರ ಎರಡು ನಿಮಿಷ ಇತ್ತು.

ನಾಗರಾಜು ಪುಟ ತಿರುವಿ, ಹತ್ತೊಂಬತ್ತನೇ ತಾರೀಖಿನದನ್ನು ಹೊರಗೆಳೆದು, ಎದ್ದು ನಿಂತು ಓದಿದರು.

"ಹತ್ತೊಂಬತ್ತನೇ ತಾರೀಕು. ಒಂಬತ್ತನೇ ತೂಬು. ತಲುಪಿದ ಹೊತ್ತು, ಸೊನ್ನೆ ಒಂದು, ಹತ್ತು. ನಿಂತಿದ್ದು ಇಪ್ಪತ್ತೆರಡು ನಿಮಿಷ. ಸೊನ್ನೆ ಒಂದು ಹತ್ತು ಅಂದ್ರೆ ಎಷ್ಟೊತ್ತು ಗೊತ್ತೇನ್ರಪ್ಪ? ರೈಲ್ವೆ ಟೈಮು. ರಾತ್ರಿ ಒಂದು ಗಂಟೆ ಹತ್ತು ನಿಮಿಷ!"

"ಅಲ್ಲ ಸಾರ್, ಅದು ಹೊರಟ ಮೇಲೆ..." ಎಂದು ನಾನು ಬಾಯಿ ತೆರೆದೆ. ಅವರು ಇನ್ನೊಂದು ಸಾಲು ತೋರಿಸಿದರು. ಮನೆಯಿಂದ ಹೊರಟ ಸಾಲು. 00:10. ಹೊರಟ ಮೇಲಿನ ಲೆಕ್ಕವಾಗಿದ್ದರೆ ಅಲ್ಲಿ ಸೊನ್ನೆ ಸೊನ್ನೆ ಇರಬೇಕಿತ್ತು. ಅದನ್ನು ನಾನು ನೋಡಿಯೇ ಇರಲಿಲ್ಲ.

"ನಡೀತಾನೆ ಅಂತ ತೋರ್ಸಕ್ಕೆ ಬಂದು, ಕದ್ದವ್ನೇ ಇವ್ನು ಅಂತ ತೋರ್ಸ್ಬುಟ್ಟೆ ಕಣಮ್ಮ. ಇಂಥಾ ಸಾಕ್ಸಿ ನಾನು ಕಂಡಿಲ್ಲ!"

ಕೊನೆಯ ಗದ್ದೆಯವರು ಎದ್ದರು. "ನಮ್ ನಾಟಿ ಒಣಗಿಸಿ ಮಗ್ಳ ವಾಚ್ ಕಟ್ಕೊಂಡ್ ಮೆರೀತೀಯೇನ್ಲಾ!" ಎಂದು ಒಬ್ಬರು ಕೂಗಿದರು. ಚಿಕ್ಕಬೋರಯ್ಯ ಗೋಡೆಗೆ ಒರಗಿದ್ದವರು ನೆಟ್ಟಗಾದರು. ನನ್ನ ಕಡೆ ನೋಡಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ, ಒಂದು ಪ್ರಶ್ನೆ ಇತ್ತು. ಇವಳೂ ಅವರ ಕಡೆಯವಳೋ ಏನೋ ಎಂಬ ಪ್ರಶ್ನೆ. ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಆ ನೋಟ ನೆನಪಾಗುತ್ತದೆ.

"ಒಂದ್ ಗಂಟೇಲಿ ನಾನ್ ಏರಿ ಮ್ಯಾಲಿರ್ಲಿಲ್ಲ" ಎಂದರು ಅವರು. "ಒಂಬತ್ತರ ತಾವ ನಿಂತಿದ್ದು ದಿಟ. ಒತ್ತಾರೆ. ಅಲಗೆ ಎತ್ತಿದ್ರು, ಕೆಸರು ತೋಡಿ ಇಳಿಸ್ದೆ. ಇಪ್ಪತ್ತೆಲ್ಡು ನಿಮ್ಸ ಅದ್ಕೇ ಇಡೀತು."

"ನಿನ್ ವಾಚೇ ಬೇರೆ ಏಳ್ತದಲ್ಲ ಬೋರಯ್ಯ!"

ಆಗ ಮೆಟ್ಟಿಲ ಮೇಲಿದ್ದ ದೇವಿರಮ್ಮ ಒಳಗೆ ಬಂದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ನಕ್ಷೆಯ ಮೇಲೆ ಬೆರಳಿಟ್ಟರು.

"ನಯನಮ್ಮ, ಈ ಗಂಟು ಯಾವ್ದು?"

"ಡೇರಿ, ಅಮ್ಮ. ಅಲ್ಲಿ ಒಂಬತ್ತು ನಿಮಿಷ ನಿಂತಿದ್ದಾರೆ."

"ಎಷ್ಟೊತ್ಗೆ ಅಂತ ಬರ್ದದೆ?"

"ಸೊನ್ನೆ ಸೊನ್ನೆ, ಮೂವತ್ತಾರು."

"ಅಂಗಂದ್ರೆ ಮದ್ಯರಾತ್ರಿ ಮೇಲೆ ಅರ್ದ ಗಂಟೆ." ಅವರು ಸಭೆಯ ಕಡೆ ತಿರುಗಿದರು. "ನಮ್ಮ ಅಸಾ ಅಷ್ಟೊತ್ನಲ್ಲಿ ಆಲು ಕೊಡ್ತದೇನ್ರಪ್ಪ? ಕೊಡ್ತು ಅಂತ್ಲೇ ಇಟ್ಕಳಿ. ಒಂಬಾಳಕ್ಕ ಅಷ್ಟೊತ್ನಲ್ಲಿ ಡೇರಿ ಬಾಗ್ಲು ತಗ್ದಿದ್ಲಾ? ಕೇಳಿ, ಕೆಳ್ಗೇ ಅವ್ಳೆ!"

ಯಾರೋ ಕಿಸಕ್ಕೆಂದರು.

ಚಿಕ್ಕಬೋರಯ್ಯ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಹೊರಟು, ಡೇರಿಗೆ ಹಾಕಿ, ಖಾಲಿ ಕ್ಯಾನನ್ನು ಅಲ್ಲೇ ಬಿಟ್ಟು ಏರಿಗೆ ಹೋಗುತ್ತಾರೆ. ಡೇರಿಯ ಯಂತ್ರ ಪ್ರತಿ ಸಲವೂ ಒಂದು ಸಣ್ಣ ಚೀಟಿ ಕೊಡುತ್ತದೆ. ಲೀಟರು, ಜಿಡ್ಡಿನಂಶ, ತಾರೀಖು, ಗಂಟೆ, ನಿಮಿಷ. ದೇವಿರಮ್ಮ ಅವನ್ನೆಲ್ಲ ದೇವರ ಪಟದ ಹಿಂದಿನ ಮೊಳೆಗೆ ಚುಚ್ಚಿಡುತ್ತಾರೆ. ಅವರು ತರಲು ಹೋದರು. ಅಷ್ಟರಲ್ಲಿ ನಾನು ಲೈಬ್ರರಿಗೆ ಓಡಿದೆ.

ಮೂಲ ಕಡತ ತೆಗೆದೆ. ಜೆಡ್ಡುಗಳು ಅಲ್ಲಿ ಹಾಗೇ ಇದ್ದವು. ಮೇಷ್ಟ್ರಿಗೆ ಫೋನು ಮಾಡಿ, ಆ ಅಕ್ಷರ ಎಂದರೇನು ಎಂದು ಕೇಳಿದೆ.

"ಅದು ಲೋಕದ ಗಂಟೆ ಕಣಮ್ಮ. ಇಂಗ್ಲೆಂಡಿನ ಸೊನ್ನೆ ಗೆರೆ. ನಮ್ಮ ಹೊತ್ತಿಗೆ ಬರಬೇಕಾದರೆ ಐದೂವರೆ ಗಂಟೆ ಕೂಡಿಸಬೇಕು. ಕಂಪನಿ ತಂತ್ರಾಂಶ ತಾನೇ ಕೂಡಿಸಿಕೊಳ್ಳುತ್ತೆ. ನಿನ್ನದರಲ್ಲಿ ನೀನೇ ಕೂಡಿಸಬೇಕು. ಕೂಡಿಸಿದೆ ತಾನೆ?"

ನಾನು ಫೋನು ಇಟ್ಟುಬಿಟ್ಟೆ. ಸುಮ್ಮನೆ ಮನೆಗೆ ಹೋಗಿಬಿಡೋಣ, ಯಂತ್ರವೇ ಸರಿಯಿಲ್ಲ, ಬೆಂಬಲವಿಲ್ಲದ್ದು, ಪುಟಗಳನ್ನು ಹರಿದುಹಾಕಿ ಎಂದುಬಿಡೋಣ ಎಂಬ ಆಸೆ ಬಂದಿದ್ದು ನಿಜ. ಹಾಗೆ ಅಂದಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಬೈಗುಳವೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಆದರೆ ಕಂಪ್ಯೂಟರು ತನಗೆ ಗೊತ್ತಿದ್ದುದನ್ನು ಅಕ್ಷರ ಹಾಕಿ ಹೇಳಿತ್ತು. ಆ ಅಕ್ಷರವನ್ನು ಒರೆಸಿದವಳು ನಾನು.

ಮೆಟ್ಟಿಲು ಹತ್ತಿ ಕೋಣೆಗೆ ಹೋದೆ. ಕೂತರೆ ಮತ್ತೆ ಏಳಲಾರೆ ಎಂದು ನಿಂತೇ ಹೇಳಿದೆ.

"ತಪ್ಪು ವಾಚಿನದಲ್ಲ, ಕಂಪ್ಯೂಟರಿನದಲ್ಲ, ಬೋರಣ್ಣನದಲ್ಲ. ನನ್ನದು. ಇಲ್ಲಿರೋದು ನಮ್ಮ ದೇಶದ ಗಂಟೆ ಅಲ್ಲ, ಅದನ್ನು ತಿಳಿಸೋ ಗುರುತನ್ನು ನಾನೇ ಅಳಿಸಿದೆ. ಪ್ರತಿಯೊಂದಕ್ಕೂ ಐದೂವರೆ ಗಂಟೆ ಕೂಡಿಸಬೇಕು."

ನಾಗರಾಜು ಕೈ ಎತ್ತಿದರು. "ಚೆನ್ನಾಗದೆ! ಬೇಕಾದಾಗ ಐದೂವರೆ ಕೂಡ್ಸಿ, ಬ್ಯಾಡ್ದಾಗ ಕಳೀರಿ. ಸಂಜೆ ಕಾಲೇಜಲ್ಲಿ ಇದೇ ಏಳ್ಕೊಟ್ರಾ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಮುದುಡಿಹೋಗುತ್ತಿದ್ದೆ. ಅವತ್ತು ಯಾಕೋ ಹಾಗಾಗಲಿಲ್ಲ.

"ಹೌದು ಸಾರ್, ಇದೇ ಹೇಳಿಕೊಟ್ಟರು. ತಪ್ಪಾದರೆ ಒಪ್ಪಿಕೊಂಡು ತಿದ್ದು ಅಂತ. ನಾನು ಕೂಡಿಸಲ್ಲ, ನೀವೇ ಕೂಡಿಸಿ. ಹೊಂಬಾಳಮ್ಮನವರು ಚೀಟಿ ಓದಲಿ."

ಡೇರಿ ನಡೆಸುವ ಹೊಂಬಾಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಿದ್ದರು. ದೇವಿರಮ್ಮ ತಂದ ಚೀಟಿಗಳ ಕಟ್ಟನ್ನು ತೆಗೆದುಕೊಂಡು, ಒಂದೊಂದಾಗಿ ಬೆಳಕಿಗೆ ಹಿಡಿದು ಓದಿದರು. "ಅತ್ತೊಂಬತ್ತು. ಆರು ಗಂಟೆ ಅನ್ನೊಂದ್ ನಿಮ್ಸ." ನಾಗರಾಜು ತಮ್ಮ ಪುಟ ನೋಡಿದರು. ಡೇರಿಯ ಬಳಿ 00:36ರಿಂದ 00:45. ಐದೂವರೆ ಕೂಡಿಸಿದರೆ ಆರು ಗಂಟೆ ಆರು ನಿಮಿಷದಿಂದ ಆರೂಕಾಲಿನವರೆಗೆ. ಚೀಟಿ ಸರಿಯಾಗಿ ನಡುವೆ ಕೂತಿತ್ತು. "ಇಪ್ಪತ್ತು. ಆರು ಅದ್ನಾಲ್ಕು." 00:40ರಿಂದ 00:47. ಅದೂ ಕೂತಿತು. ನಾಲ್ಕನೆಯದಕ್ಕೆ ಶಿವರಾಜಣ್ಣ ತಾವೇ ಬೆರಳು ಮಡಿಸಿ ಕೂಡಿಸಿದರು. ಹತ್ತನೆಯದರ ಹೊತ್ತಿಗೆ ಸಭೆಯೆಲ್ಲ ಒಟ್ಟಿಗೆ, ಮಗ್ಗಿ ಹೇಳುವಂತೆ, ಕೂಡಿಸುತ್ತಿತ್ತು.

ಒಂದು ಕೂರಲಿಲ್ಲ, ಅದನ್ನೂ ಬರೆಯಬೇಕು. ಇಪ್ಪತ್ತಮೂರರ ಚೀಟಿಯಲ್ಲಿ ಐದು ಐವತ್ತೆರಡು ಎಂದಿತ್ತು, ಗಡಿಯಾರದ ಪ್ರಕಾರ ಅವರು ಡೇರಿಗೆ ಬಂದದ್ದೇ ಆರು ಏಳಕ್ಕೆ. ನಾಗರಾಜು ಅದನ್ನು ಹಿಡಿದುಕೊಂಡರು.

"ಅವತ್ತು ಕರೆಂಟು ಓಗಿತ್ತು. ಮಿಸಿನ್ ಟೈಮು ಇಂದುಳ್ಕತ್ತು" ಎಂದರು ಹೊಂಬಾಳಮ್ಮ. "ಬೇಕಾರೆ ಅವತ್ತು ಆಲು ಆಕಿದ ನಲ್ವತ್ತು ಜನ್ದ ಚೀಟಿ ತರ್ಸು ನಾಗ್ರಾಜು. ನಿಂದೂ ಅದೆ ಅದ್ರಲ್ಲಿ."

ನಾಗರಾಜು ತರಿಸಲಿಲ್ಲ. ಕೊನೆಯ ಅಸ್ತ್ರ ತೆಗೆದರು. ಗಡಿಯಾರದ ಕಂಪನಿಯ ಜಾಲತಾಣದ ಪುಟವನ್ನು ಮದ್ದೂರಿನಲ್ಲಿ ಪ್ರಿಂಟು ಹಾಕಿಸಿ ತಂದಿದ್ದರು. ಅದೇ ಕೆಂಪು ಸಾಲು. "ಏನೇ ಅಂದ್ರೂ ಇದು ಬೆಂಬಲ ಇಲ್ದಿರೋ ಕಂಪ್ಯೂಟ್ರಲ್ಲಿ ತಗ್ದಿದ್ದು. ಕಂಪನಿನೇ ಬರ್ದದೆ. ಸಂಘ ಇದನ್ನ ಒಪ್ಪಂಗಿಲ್ಲ."

ಶಿವರಾಜಣ್ಣ ನನ್ನ ಕಡೆ ನೋಡಿದರು. ನಾನು ಹೇಳಿದ್ದನ್ನು ಆಮೇಲೆ ಹಲವರು ಹಲವು ರೀತಿ ಹೇಳಿದ್ದಾರೆ. ನನಗೆ ನೆನಪಿರುವುದು ಇಷ್ಟು.

"ಬೆಂಬಲ ಇಲ್ಲ ಅಂದ್ರೆ ಕೆಟ್ಟರೆ ನಾವು ಬರಲ್ಲ ಅಂತ ಅರ್ಥ ಸಾರ್. ಸುಳ್ಳು ಹೇಳುತ್ತೆ ಅಂತ ಅಲ್ಲ. ಬೋರಣ್ಣ ಇಪ್ಪತ್ತಾರು ದಿನ ನಡೆದಿದ್ದಾರೆ. ಆ ಕಂಪನಿ ಕೇಳಿ ನಡೀಲಿಲ್ಲ. ಒಪ್ಪಲ್ಲ ಅಂದರೆ ನಾಳೆ ಬೆಳಿಗ್ಗೆ ಐದು ನಲವತ್ತಕ್ಕೆ ಅವರ ಜೊತೆ ನೀವೂ ಹೊರಡಿ. ಹನ್ನೊಂದು ಕಿಲೋಮೀಟರ್. ನಾನೂ ಬರ್ತೀನಿ."

ಹಿಂದಿನಿಂದ ಒಬ್ಬರು, "ಕಾರ್ಯದರ್ಸಿಗಳು ಎಲ್ಡನೇ ತೂಬಿನ ತಂಕ ಓದ್ರೆ ನಾನು ಮೀಸೆ ಬೋಳಿಸ್ತೀನಿ ಕಣ್ಲಾ!" ಎಂದರು. ಕೋಣೆ ನಕ್ಕಿತು. ಕೊನೆಯ ಗದ್ದೆಯವರೂ ನಕ್ಕರು. ಆ ನಗುವಿನಲ್ಲಿ ನೋಟೀಸು ಬಿದ್ದುಹೋಯಿತು. ಶಿವರಾಜಣ್ಣ, "ಆಯ್ತು ಬುಡ್ರಪ್ಪ, ಬೋರಯ್ಯನೇ ಮುಂದ್ವರೀಲಿ" ಎಂದು ಎದ್ದರು.

ಚಿಕ್ಕಬೋರಯ್ಯ ಏಳಲಿಲ್ಲ.

"ಅಂಗೆ ಬಾಯಲ್ಲಿ ಏಳಿ ಓಗ್ಬೇಡಿ ಅದ್ದಕ್ಸ್ರೇ. ನಡಿಯಕ್ಕಿಲ್ಲ ಅಂತ ಪುಸ್ತಕದಲ್ಲಿ ಬರ್ದು ನೋಟೀಸ್ ಕೊಟ್ರಿ. ಈಗ ಅದೇ ಪುಸ್ತಕದಲ್ಲಿ, ನಡೀತಾನೆ ಅಂತ ಬರೀರಿ. ಬರೆಯೋಗಂಟ ನಾನು ಅಲ್ಲಾಡಕ್ಕಿಲ್ಲ."

"ಬರಿಯೋಣ ಕಣಯ್ಯ, ನಾಳೆ..."

"ನಾಳೆ ನಂಗೆ ಏರಿ ಮ್ಯಾಲೆ ಕೆಲ್ಸ ಅದೆ."

ನಾಗರಾಜು ನಡಾವಳಿ ಪುಸ್ತಕ ತೆರೆದು, ಪೆನ್ನು ಒತ್ತಿ ಹಿಡಿದು ಬರೆದರು. ಬರೆದದ್ದನ್ನು ನಾನು ಓದಿದೆ: 'ಬೆಂಬಲವಿಲ್ಲದ ಕಂಪ್ಯೂಟರಿನಿಂದ ತೆಗೆದ ದಾಖಲೆಯಂತೆ, ನೀರುಗಂಟಿ ಚಿಕ್ಕಬೋರಯ್ಯನು ದಿನಂಪ್ರತಿ ಹದಿನಾಲ್ಕು ತೂಬುಗಳವರೆಗೆ ನಡೆಯುವುದು ಕಂಡುಬಂದಿರುತ್ತದೆ.' ಬೆಂಬಲವಿಲ್ಲದ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದರು. ಹೊಡೆದುಹಾಕಿ ಎನ್ನಲೇ ಎಂದು ಚಿಕ್ಕಬೋರಯ್ಯನನ್ನು ಕೇಳಿದೆ.

"ಇರ್ಲಿ ಬುಡವ್ವ" ಎಂದರು. "ಅದು ದಿಟಾನೇ ಅಲ್ವಾ." ಹೆಬ್ಬೆಟ್ಟಿಗೆಂದು ಮುಂದೆ ತಂದಿಟ್ಟ ಶಾಯಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕೇಳಿ ಇಸಿದುಕೊಂಡು, ಮಗಳು ಕಲಿಸಿದ್ದ ಸಹಿಯನ್ನು ನಿಧಾನವಾಗಿ, ಒಂದೊಂದೇ ಅಕ್ಷರ, ಹಾಕಿದರು.

ಅವರು ಈಗಲೂ ನಡೆಯುತ್ತಾರೆ. ತಿಂಗಳಿಗೊಮ್ಮೆ ಗಡಿಯಾರ ತಂದುಕೊಡುತ್ತಾರೆ, ನಾನು ರಬ್ಬರಿನಿಂದ ಉಜ್ಜಿ, ಕಡತ ತೆಗೆದು, ಐದೂವರೆ ಕೂಡಿಸಿ, ಜೆಡ್ಡನ್ನು ಹಾಗೇ ಉಳಿಸಿ ಪುಟ ಮಾಡಿಡುತ್ತೇನೆ. ಯಾರೂ ಕೇಳಿಲ್ಲ. ಕೇಳಿದರೆ ಇರಲಿ ಎಂದು.

ಇನ್ನು ಗೊತ್ತಿಲ್ಲದ್ದನ್ನು ಹೇಳಬೇಕು. ಗಡಿಯಾರ ಬರೆದುಕೊಳ್ಳುವುದು ಗುಂಡಿ ಒತ್ತಿದ ಮೇಲೆ ಮಾತ್ರ. ಹತ್ತೊಂಬತ್ತರಂದು ಅದು ಬರೆಯತೊಡಗಿದ್ದು ಬೆಳಿಗ್ಗೆ ಐದು ನಲವತ್ತಕ್ಕೆ. ಅದಕ್ಕೂ ಮುಂಚೆ, ರಾತ್ರಿ ಒಂದು ಗಂಟೆಯಲ್ಲಿ, ಏರಿಯ ಮೇಲೆ ಯಾರಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಕಳ್ಳ ಎಂಬ ಕತೆ ಊರಿನಲ್ಲಿ ಇನ್ನೂ ಉಳಿದಿರುವುದು ಅದಕ್ಕೇ. ಚಿಕ್ಕಬೋರಯ್ಯ ತಾನಿರಲಿಲ್ಲ ಎಂದರು. ನಾನು ನಂಬುತ್ತೇನೆ. ನಂಬಿಕೆ ರುಜುವಾತಲ್ಲ ಎಂಬುದೂ ನನಗೆ ಗೊತ್ತು.

ಒಂಬತ್ತನೇ ತೂಬಿನ ಕೆಳಗೆ ನೀರು ತುಂಬಿದ ಗದ್ದೆಗಳು ಹನ್ನೊಂದು. ಅವುಗಳಲ್ಲಿ ನಾಗರಾಜು ಅವರದು ಒಂದು. ನಮ್ಮ ಹದಿನೆಂಟು ಗುಂಟೆಯೂ ಒಂದು. ಅಪ್ಪನನ್ನು ಕೇಳಿದೆ. "ನಾನು ಮಲ್ಗಿದ್ದೆ ಕಣಮ್ಮ" ಎಂದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ಹಲಗೆ ಎತ್ತಿದವರು ಯಾರೆಂದು ನನಗೆ ಗೊತ್ತಿಲ್ಲ.